ಪಾಳುಬಿದ್ದ ಶಾಲೆಯ ಹಾರರ್ ಗೇಮ್: ಭಯ ಕೊನೆಯವರೆಗೆ ಉಳಿಯುವುದು ಹೇಗೆ?

ಫರ್ಸಿಕಲ್ಲು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ನಮ್ಮ ಶಹಾಬಾದ್ ಕಡೆಯ ಹಳ್ಳಿಯೊಂದರಲ್ಲಿ 1998ರಲ್ಲಿ ಮುಚ್ಚಿಹೋದ ಸರ್ಕಾರಿ ಶಾಲೆಯೊಂದನ್ನು ಕಲ್ಪಿಸಿಕೊಂಡು, ಮೊಬೈಲಿಗಾಗಿ ಸಣ್ಣದೊಂದು ಸರ್ವೈವಲ್ ಹಾರರ್ (ಭಯದ ನಡುವೆ ಬದುಕುಳಿಯಬೇಕಾದ) ಗೇಮ್ ಸಿದ್ಧಪಡಿಸುತ್ತಿದ್ದೇನೆ. ಫರ್ಸಿ ಕಲ್ಲು ಹಾಸಿದ ವರಾಂಡ, ತಗಡಿನ ಚಾವಣಿ, ಗಂಟೆಯೆಂದು ತೂಗುಹಾಕಿದ ರೈಲುಹಳಿಯ ತುಂಡು, ಬಿಸಿಯೂಟದ ಕೋಣೆ ಎಲ್ಲವೂ ಮೂಡಿಬಂದಿವೆ. ಆದರೆ ಆಡಿ ನೋಡಿದ ಗೆಳೆಯರು ಮೊದಲೆರಡು ಕೋಣೆಗಳಲ್ಲಿ ಬೆಚ್ಚಿಬಿದ್ದು, ಮೂರನೆಯದರ ಹೊತ್ತಿಗೆ ದೆವ್ವವನ್ನು ನೋಡಿ ನಗತೊಡಗುತ್ತಾರೆ. ದೆವ್ವಗಳನ್ನು ಹೆಚ್ಚಿಸಲೇ, ಆಟಗಾರನಿಗೆ ಆಯುಧ ಕೊಡಲೇ?

ಕೆಮ್ಮಣ್ಣು (ಬೀದರ್):
ಎರಡೂ ಬೇಡ. 2001ರಲ್ಲಿ ದಕ್ಷಿಣ ಕೊರಿಯಾದ ಸೊನ್ನೋರಿ ಸಂಸ್ಥೆ ಹೊರತಂದ 'ವೈಟ್ ಡೇ' ಗೇಮನ್ನು ಒಮ್ಮೆ ಆಡಿರಿ. ರಾತ್ರಿ ಶಾಲೆಯೊಳಗೆ ಸಿಲುಕಿಕೊಂಡ ಹುಡುಗನ ಕೈಯಲ್ಲಿ ಅಲ್ಲಿ ಯಾವ ಆಯುಧವೂ ಇಲ್ಲ. ಅವನನ್ನು ಅಟ್ಟಿಸಿಕೊಂಡು ಬರುವವರಲ್ಲಿ ದೆವ್ವಗಳಿಗಿಂತ ಹೆಚ್ಚು ಕಾಡುವವನು ಗಸ್ತು ತಿರುಗುವ ಕಾವಲುಗಾರ. ಕೋಣೆಯ ದೀಪ ಹಾಕಿದರೆ ದಾರಿ ಕಾಣುತ್ತದೆ, ಆದರೆ ಅದೇ ಬೆಳಕು ಅವನನ್ನೂ ಕರೆತರುತ್ತದೆ. ಆಟವನ್ನು ಸೇವ್ ಮಾಡಲು ಸೂಚನಾ ಫಲಕದ ಬಳಿ ಪೆನ್ನು ಬಳಸಬೇಕು, ಆ ಪೆನ್ನುಗಳನ್ನೂ ಹುಡುಕಿ ಕೂಡಿಡಬೇಕು. ಹೀಗೆ ಪ್ರತಿ ಅನುಕೂಲಕ್ಕೂ ಒಂದು ಬೆಲೆ ತೆರಬೇಕಾಗಿ ಬಂದಾಗ ಆಟಗಾರ ನಗುವುದನ್ನು ಬಿಟ್ಟು ಲೆಕ್ಕ ಹಾಕತೊಡಗುತ್ತಾನೆ. ನಿಮ್ಮ ಗೇಮಿನಲ್ಲಿ ಟಾರ್ಚಿನ ಸೆಲ್ಲುಗಳು ಎಲ್ಲೆಂದರಲ್ಲಿ ಸಿಗುತ್ತಿದ್ದರೆ, ಮೊದಲು ಅವನ್ನು ಕಡಿಮೆ ಮಾಡಿರಿ.

ಭೀಮಾತೀರ (ಯಾದಗಿರಿ):
ಬೀದರಿನ ಅಣ್ಣನವರ ಮಾತು ಒಪ್ಪತಕ್ಕದ್ದೇ, ಸೇವ್ ವಿಚಾರವೊಂದನ್ನು ಬಿಟ್ಟು. ಮೊಬೈಲಿನಲ್ಲಿ ಆಡುವವನಿಗೆ ನಡುವೆ ಕರೆ ಬರುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಚಾರ್ಜು ಮುಗಿಯುತ್ತದೆ. ಆಡಿದ್ದೆಲ್ಲ ಅಳಿಸಿಹೋದರೆ ಅವನಿಗೆ ಹುಟ್ಟುವುದು ಭಯವಲ್ಲ, ಸಿಟ್ಟು. ಗೇಮಿನಿಂದ ಹೊರಬಂದಾಗ ತಾನಾಗಿಯೇ ಸೇವ್ ಆಗಲಿ.

ನಾನಾದರೆ ಶ್ರಮವನ್ನೆಲ್ಲ ಸದ್ದಿನ ಮೇಲೆ ಹಾಕುತ್ತಿದ್ದೆ. 1999ರ 'ಸೈಲೆಂಟ್ ಹಿಲ್'ನಲ್ಲಿಯೂ ಮಿಡ್‌ವಿಚ್ ಎಂಬ ಪ್ರಾಥಮಿಕ ಶಾಲೆಯೊಂದು ಬರುತ್ತದೆ. ನಾಯಕನ ಬಳಿಯಿರುವ ಪುಟ್ಟ ರೇಡಿಯೊ, ಯಾವುದೋ ಪ್ರಾಣಿ ಹತ್ತಿರ ಬಂದರೆ ಗರಗರ ಎನ್ನುತ್ತದೆ. ಅದು ಏನು, ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಮಾತ್ರ ತಿಳಿಸುವುದಿಲ್ಲ. ನಿಮ್ಮ ಬಳಿ ಫರ್ಸಿಯೇ ಇದೆಯಲ್ಲ: ಹವಾಯಿ ಚಪ್ಪಲಿಯಲ್ಲಿ ಓಡಿದರೆ ಆ ಕಲ್ಲಿನ ಮೇಲೆ ಏಳುವ ಪಟಪಟ ಸದ್ದು ವರಾಂಡದ ತುದಿಯವರೆಗೂ ಕೇಳಿಸಲಿ, ಚಪ್ಪಲಿ ಬಿಟ್ಟು ನಡೆದರೆ ಸದ್ದು ಅಡಗಲಿ, ಆದರೆ ಒಡೆದ ಹಂಚು ಕಾಲಿಗೆ ಚುಚ್ಚಲಿ.

ಹಾಜರಿಪುಸ್ತಕ (ಕಲಬುರಗಿ):
ಹಂಚು ಎಲ್ಲಿಂದ ಬರಬೇಕು, ಚಾವಣಿ ತಗಡಿನದಲ್ಲವೇ! ಕಿಟಕಿಯ ಗಾಜು ಎಂದಿಟ್ಟುಕೊಳ್ಳೋಣ. ಇನ್ನು ಶಾಲೆ 1998ರಲ್ಲಿ ಮುಚ್ಚಿದ್ದಾದರೆ ಬಿಸಿಯೂಟದ ಕೋಣೆ ಇರಲು ಸಾಧ್ಯವಿಲ್ಲ. ಅಕ್ಷರ ದಾಸೋಹ ಆರಂಭವಾದದ್ದು 2002ರಲ್ಲಿ. ಶಾಲೆಯ ಫಲಕದ ಮೇಲೆ ಜಿಲ್ಲೆಯ ಹೆಸರನ್ನು ಗುಲಬರ್ಗಾ ಎಂದೇ ಬರೆಯಿಸಿರಿ, ಕಲಬುರಗಿ ಎಂದು ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಬಿಸಿಯೂಟದ ಕೋಣೆಯ ಜಾಗದಲ್ಲಿ ಹಳೆಯ ಹಾಜರಿ ಪುಸ್ತಕಗಳ ಬೀರು ಇಟ್ಟರೆ, ಬೀಗದ ಕೈ ಬಚ್ಚಿಡಲೂ ಅನುಕೂಲವಾಗುತ್ತದೆ.