ಹೊಸ ಬೂತ್ ಏಜೆಂಟರಿಗೆ ಏನೇನ್ ಹೇಳಬೇಕ್ರಿ?

ಜೇವರ್ಗಿ ಹುಡುಗ: ಈ ಸಲ ನಮ್ಮ ಅಭ್ಯರ್ಥಿದು ಭಾಳ ಟೈಟ್ ಅದರಿ. ಏಜೆಂಟ್ ಕುಂದ್ರೋರು ಎಲ್ಲಾ ಹೊಸಬರು. ಅವರಿಗೆ ಮೊದಲು ಏನ್ ಹೇಳ್ಲಿ?

ಶಹಾಬಾದ್ ಅಣ್ಣ: ನಮೂನೆ 10, ಅಂದ್ರ ಬೂತ್ ಏಜೆಂಟ್ ನೇಮಕದ ಫಾರ್ಮ್, ಅದರ ಮ್ಯಾಲೆ ಅಭ್ಯರ್ಥಿದು ಇಲ್ಲಾ ಚುನಾವಣಾ ಏಜೆಂಟರದು ಸಹಿ ಇವತ್ತೇ ಮಾಡಿಸಿ ಇಟ್ಕೊರಿ. 7ಕ್ಕೆ ಮತದಾನ ಅಂದ್ರ ಅಣಕು ಮತದಾನ 5.30ಕ್ಕೇ ಶುರು. ಕಮ್ಮಿ ಅಂದ್ರ 50 ವೋಟ್ ಹಾಕಿ, ಮಷಿನ್ ಲೆಕ್ಕಾನ ವಿವಿಪ್ಯಾಟ್ (ಯಾರಿಗೆ ವೋಟ್ ಬಿತ್ತಂತ ಚೀಟಿ ಛಾಪಿಸೋ ಡಬ್ಬಿ) ಚೀಟಿ ಜೋಡಿ ತಾಳೆ ನೋಡಬೇಕು. ತಪ್ಪಾಗೋದು ಇದರ ಮುಂದ. ಗಡಿಬಿಡಿಯಾಗ ಅಣಕು ವೋಟ್ ಅಳಿಸೋ ಕ್ಲಿಯರ್ ಬಟನ್ ಒತ್ತೋದು ಮರೀತಾರ, ಆ 50 ಅಸಲಿ ವೋಟಿನಾಗ ಕೂಡ್ತಾವ. ಟೋಟಲ್ ಒತ್ತಿಸಿ ಸೊನ್ನೆ ಕಣ್ಣಾರೆ ನೋಡ್ರಿ, ವಿವಿಪ್ಯಾಟ್ ಡಬ್ಬಿ ಖಾಲಿ ಮಾಡಿದ್ದೂ ನೋಡ್ರಿ. ಆಮ್ಯಾಲೇ ಸೀಲಿಗೆ ಸಹಿ.

ಬೀದರ್ ಗವಾನ್ ಚೌಕ್: ಬ್ಯಾರೆಯವರ ಹೆಸರಿಲೆ ಯಾರರ ಬಂದ್ರ ಜಗಳ ಬ್ಯಾಡ. 2 ರೂಪಾಯಿ ಕಟ್ಟಿ ಆಕ್ಷೇಪ ಹಾಕ್ರಿ, ಅಧಿಕಾರಿ ಅಲ್ಲೇ ವಿಚಾರಣೆ ಮಾಡ್ತಾರ. ಚಿಲ್ಲರೆ ಕಿಸೇದಾಗಿರಲಿ. ಅಸಲಿ ಮತದಾರ ಬರೋದ್ರೊಳಗ ಅವನ ವೋಟ್ ಬಿದ್ದಿದ್ರ ಬರಿಗೈಲೆ ಮನಿಗೆ ಕಳಸಬ್ಯಾಡ್ರಿ, ಟೆಂಡರ್ಡ್ ಮತಪತ್ರ (ಅಂಥವರಿಗೆ ಮಷಿನ್ ಬದ್ಲಿ ಕೊಡೋ ಕಾಗದದ ಮತಪತ್ರ) ಕೇಳೋದು ಅವನ ಹಕ್ಕು.

ಶಹಾಪುರ ಮಾವ: ಸಂಜಿ 5ಕ್ಕೆ ಎದ್ದು ಹೋಗೋದೇ ದೊಡ್ಡ ತಪ್ಪು. 6ಕ್ಕೆ ಸಾಲಿನಾಗ ನಿಂತೋರಿಗೆ ಚೀಟಿ ಕೊಡ್ತಾರ, ಕಟ್ಟಕಡೇ ಮನುಷ್ಯನಿಂದ ಶುರು ಮಾಡಿ. ಅದನ್ನ ನೋಡ್ರಿ. ನಮೂನೆ 17ಸಿ, ಅಂದ್ರ ಬಿದ್ದ ವೋಟಿನ ಲೆಕ್ಕದ ಫಾರ್ಮ್, ಅದರ ಪ್ರತಿ ಕೈಗೆ ಬರೂತನಕ ಬೂತ್ ಬಿಡಬ್ಯಾಡ್ರಿ. ಕಂಟ್ರೋಲ್ ಯುನಿಟ್ (ವೋಟ್ ಲೆಕ್ಕ ಇಡೋ ಮಷಿನ್) ನಂಬರು, ಒಟ್ಟು ವೋಟು ಅದರಾಗೇ ಇರ್ತಾವ, ಎಣಿಕೆ ದಿನ ಅದೇ ಆಧಾರ. 2023ರ ವಿಧಾನಸಭಾ ಚುನಾವಣಿಯಾಗ ಬೆಂಗಳೂರಿನ ಜಯನಗರದಾಗ ಗೆದ್ದಿದ್ದು ಬರೇ 16 ವೋಟಿಲೆ!

ಜೇವರ್ಗಿ ಹುಡುಗ: ಮೊಬೈಲ್?

ಶಹಾಬಾದ್ ಅಣ್ಣ: ಬೂತಿನೊಳಗ ನಡೆಯಂಗಿಲ್ಲ. ಪೆನ್ನು, ಮತದಾರರ ಪಟ್ಟಿ, ನೀರಿನ ಬಾಟ್ಲಿ ಒಯ್ರಿ.