ಹನ್ನೊಂದನೇ ಸ್ಥಾನದ ಸಾಲು

ಚಿಕ್ಕಪ್ಪ: (ಫೋಟೊ) ಪುಟ್ಟಿ ಸನ್ಮಾನದ ಫಲಕ, ಹೀಗೆ ಮಾಡಿಸ್ತಾ ಇದ್ದೇನೆ. ಶಿರಸಿ ಅಂಗಡಿಯವ ಸಂಜೆ ಆರರೊಳಗೆ ಹೇಳಿ ಅಂದಿದ್ದಾನೆ. ಪುಟ್ಟಿ ಈ ಗುಂಪಲ್ಲಿಲ್ಲ, ಅವಳಿಗೆ ಯಾರೂ ಕಳಿಸಬೇಡಿ.

ದೊಡ್ಡಪ್ಪ: ಚೆಂದ ಬಂದಿದೆ. ಕೊನೇ ಸಾಲು ಮಾತ್ರ ತೆಗೆಸು. 'ಕ್ರಾಸ್ ಕಂಟ್ರಿ, 11ನೇ ಸ್ಥಾನ' ಅಂತ ಯಾರಾದ್ರೂ ಬರೆಸ್ತಾರಾ? 5,000 ಮೀಟರ್ ಬೆಳ್ಳಿ, 10,000 ಮೀಟರ್ ಕಂಚು, ಅಷ್ಟು ಸಾಕು.

ನಾನು: ಆ ಸಾಲು ಹಾಕಿಸಿದ್ದು ನಾನೇ ದೊಡ್ಡಪ್ಪ. ಬೇರೆ ಯಾವುದು ಬಿಟ್ರೂ ಅದು ಇರಬೇಕು.

ಬೆಂಗಳೂರು ಅಕ್ಕ: ಎಂತಕ್ಕೆ? ಪದಕ ಬಂದದ್ದನ್ನ ಮಾತ್ರ ಬರೆಸೋದು ರೂಢಿ. ಓದಿದವರ ಮುಂದೆ ಅವಳಿಗೇ ಮುಜುಗರ.

ನಾನು: ಕ್ರಾಸ್ ಕಂಟ್ರಿ, ಅಂದ್ರೆ ಗುಡ್ಡ-ಬಯಲಿನ ಓಟದಲ್ಲಿ, ತಂಡದ ಲೆಕ್ಕ ಬೇರೆ ಅಕ್ಕ. ತಂಡದಲ್ಲಿ ಮುಂದೆ ಬಂದವರ ಸ್ಥಾನಗಳನ್ನ ಕೂಡಿಸ್ತಾರೆ, ಮೊತ್ತ ಯಾರದ್ದು ಕಡಿಮೆಯೋ ಅವರು ಗೆದ್ದ ಹಾಗೆ. ಒಬ್ಬಳು ಮೊದಲು ಬಂದು ಉಳಿದವರು ಐವತ್ತರ ಆಚೆ ಬಿದ್ರೆ ಟ್ರೋಫಿ ಇಲ್ಲ. ನಮ್ಮ ಪುಟ್ಟಿ ಲೆಕ್ಕಕ್ಕೆ ಸಿಕ್ಕಿದ ಕೊನೆಯವಳು. ಕೊನೇ ಏರಿನಲ್ಲಿ ಇಬ್ಬರನ್ನ ಹಿಂದೆ ಹಾಕಿದ್ದಕ್ಕೆ 13 ಹೋಗಿ 11 ಆಯ್ತು. ಕಾಲೇಜು ಗೆದ್ದದ್ದು ಒಂದೇ ಒಂದು ಅಂಕದಲ್ಲಿ.

ದೊಡ್ಡಪ್ಪ: ಅದು ನಿನಗೆ ಗೊತ್ತು ಮಾರಾಯ. ಫಲಕ ಓದುವವನಿಗೆ ಕಾಣೋದು 11 ಅಷ್ಟೇ.

ಕುಮಟಾ ಅತ್ತೆ: ರಜೆಗೆ ನಮ್ಮನೆಗೆ ಬಂದರೂ ನಸುಕಿಗೇ ಎದ್ದು ನೀರು ಇಳಿದ ಹೊತ್ತು ನೋಡಿ ಗಟ್ಟಿ ಮರಳಲ್ಲಿ ಓಡ್ತಿದ್ಲು. ಮಳೆಗಾಲದಲ್ಲಿ ಶಿರಸಿ ಮೈದಾನದಲ್ಲಿ ನೀರು ನಿಂತ್ರೆ ಯಲ್ಲಾಪುರ ರಸ್ತೆ ಹಿಡಿಯೋದು, ವಾಪಸ್ ಬಂದು ಜಗಲಿ ಮೇಲೆ ಕೂತು ಕಾಲಿನ ಉಂಬಳ ಕಿತ್ತು, ಸ್ನಾನ ಮಾಡಿ ಕಾಲೇಜಿಗೆ ಹೋಗೋದು. ಮೂರು ವರ್ಷ. ಇದು ಯಾವ ಪದಕದಲ್ಲೂ ಇಲ್ಲ ಅಣ್ಣಾ.

ದೊಡ್ಡಪ್ಪ: ಅವಳ ಶ್ರಮ ನಾನು ಅಲ್ಲಗಳೀತಾ ಇಲ್ಲ ತಂಗಿ.

ನಾನು: ಧಾರವಾಡದಲ್ಲಿ ಬಿಸಿಲಲ್ಲಿ ಕೂತು 10,000 ಮೀಟರಿನ 25 ಸುತ್ತೂ ಬೆರಳಲ್ಲಿ ಎಣಿಸಿದವರು ನೀವೇ ದೊಡ್ಡಪ್ಪ. ಕೊನೇ ಸುತ್ತಿನ ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವರೂ ನೀವೇ. ಕಂಚು ಬರತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ದೊಡ್ಡಪ್ಪ: ತಂಡ ಗೆದ್ದದ್ದು ಫಲಕದಲ್ಲಿ ಎಲ್ಲೂ ಇಲ್ಲವಲ್ಲ, ಅದೇ ತಪ್ಪು. ಹೀಗೆ ಬರೆಸು: 'ಕ್ರಾಸ್ ಕಂಟ್ರಿ ತಂಡ ಪ್ರಶಸ್ತಿ. 11ನೆಯವಳಾಗಿ ಬಂದು ಒಂದು ಅಂಕದಿಂದ ತಂಡವನ್ನು ಗೆಲ್ಲಿಸಿದಳು.' ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆಯ್ಕೆ ಆಗಿದ್ಲಲ್ಲ, ಅದಕ್ಕೆ ಸಿಗೋ ಗೌರವ 'ಯೂನಿವರ್ಸಿಟಿ ಬ್ಲೂ' ಅಂತಾನೂ ಬರಬೇಕು. ಅದನ್ನ ಹೇಗೆ ಮರೆತ್ರಿ?

ಬೆಂಗಳೂರು ಅಕ್ಕ: ನಂಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ ಒಂದು ಅಂಕದ ವಿಷಯ ಅವಳು ನಂಗೆ ಹೇಳೇ ಇರಲಿಲ್ಲ.

ಕುಮಟಾ ಅತ್ತೆ: ಯಾರಿಗೂ ಹೇಳಿರಲಿಲ್ಲ.

ಚಿಕ್ಕಪ್ಪ: ಅಡ್ಡಿಲ್ಲ, ಜಾಗ ಸಾಲತ್ತೆ. ಅಂಗಡಿಗೆ ಹೊರಟೆ.

ದೊಡ್ಡಪ್ಪ: ತಂಡದ ಉಳಿದ ಹುಡುಗಿಯರ ಹೆಸರೂ ಕೆಳಗೆ ಬರಲಿ. ಕೇಳಿ ಕಳಿಸ್ತೀಯಾ ಅಪ್ಪಿ? ಐದೂವರೆ ಆಯ್ತು.