ಬೇಸಿಗೆ ಪೂರ್ತಿ ನೆಂಟರು, ಕೆಲಸ ಹಿಂದೆ ಬೀಳುತ್ತಿದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಹಟ್ಟಿಬಾಗಿಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ತೋಟ. ಎರಡು ಹಸು, ಐದು ಆಡು, ಒಂದಿಷ್ಟು ಕೋಳಿ, ತರಕಾರಿ ಮಡಿಗಳು. ಕೆಲಸಕ್ಕೆ ನಾನು, ನಮ್ಮ ಯಜಮಾನರು, ಮೂವರು ಮಕ್ಕಳು, ಅಷ್ಟೇ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ನೆಂಟರು ಬರಲು ಶುರು ಮಾಡುತ್ತಾರೆ. ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು. ಅವರು ಬರುವುದು ನನಗೆ ಇಷ್ಟವೇ. ಆದರೆ ನಮಗೆ ಕೆಲಸ ಜಾಸ್ತಿ ಇರುವುದೂ ಬೇಸಿಗೆಯಲ್ಲೇ ಅಲ್ವಾ? ನೀರು ಹಾಯಿಸಬೇಕು, ಹುಲ್ಲು ಕೊಯ್ದು ಒಣಗಿಸಿ ಒಳಗೆ ಹಾಕಬೇಕು, ತರಕಾರಿ ಎರಡು ದಿನ ಬಿಡಿಸದಿದ್ದರೆ ಬಲಿತು ಹೋಗುತ್ತದೆ.

ಹೋದ ಶನಿವಾರ ನೆಂಟರ ಹುಡುಗ, ಏಳು ವರ್ಷದವನು, ಪ್ರೀತಿಯಿಂದಲೇ ಕೋಳಿ ಕಾಳನ್ನು ಅರ್ಧ ಬಕೆಟ್ ಆಡಿಗೆ ತಿನ್ನಿಸಿಬಿಟ್ಟ. ಸಂಜೆ ನೋಡಿದರೆ ಆಡು ಮೂಲೆಯಲ್ಲಿ ಹಲ್ಲು ಕಡಿಯುತ್ತಾ ನಿಂತಿದೆ. ಮೆಲುಕು ಇಲ್ಲ. ಎಡಗಡೆ ಹೊಟ್ಟೆ ಡೋಲಿನ ಹಾಗೆ ಬಿಗಿದಿದೆ. ಡಾಕ್ಟರು ಬಂದರು, ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆವು, ದೇವರ ದಯೆಯಿಂದ ಬದುಕಿತು. ಆದರೆ ನಾನು ಆ ಮಗುವಿನ ಮೇಲೆ ಕೂಗಾಡಿಬಿಟ್ಟಿದ್ದೆ. ಅವನು ಅವರಮ್ಮನ ಹಿಂದೆ ಹೋಗಿ ನಿಂತು ಅತ್ತ. ಮರುದಿನ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಗೆ (ಮಾಸ್‌ಗೆ) ಕೂತರೆ ಮನಸ್ಸು ನಿಲ್ಲಲೇ ಇಲ್ಲ. ಮನೆಗೆ ಬಂದವರಲ್ಲಿ ಯೇಸುವನ್ನೇ ಕಾಣಬೇಕು ಅಂತ ನನ್ನ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ.

ನೆಂಟರನ್ನೂ ಕೆಲಸವನ್ನೂ ಹೇಗೆ ಒಟ್ಟಿಗೆ ತೂಗಿಸುತ್ತೀರಿ? ಭಾನುವಾರ ಹುಲ್ಲಿನ ಕೆಲಸ ಮಾಡುತ್ತೀರಾ? ಬೇರೆ ಧರ್ಮದವರು ಬಂದಾಗ ಸಂಜೆ ಮಣಿ ಎಣಿಸುತ್ತಾ ಹೇಳುವ ಜಪಸರದ ಪ್ರಾರ್ಥನೆಗೆ ಏನು ಮಾಡುತ್ತೀರಿ?

ಹಳೇಬಾವಿ:

ತಂಗಿ, ನಾನೂ ಹೀಗೆ ಕೂಗಾಡಿದ್ದೇನೆ. ಎಷ್ಟೋ ವರ್ಷ ನೆಂಟರನ್ನು ಕೂರಿಸಿ ನಾನೊಬ್ಬಳೇ ಓಡಾಡುತ್ತಿದ್ದೆ. ಆಗ ಸಿಟ್ಟು ಒಳಗೊಳಗೇ ಸೇರಿಕೊಂಡು ಯಾವುದೋ ಒಂದು ಸಣ್ಣ ವಿಷಯಕ್ಕೆ ಹೊರಗೆ ಬರುತ್ತಿತ್ತು. ಈಗ ಬಂದವರಿಗೆಲ್ಲ ಮೊದಲ ದಿನವೇ ಒಂದೊಂದು ಕೆಲಸ ಕೊಡುತ್ತೇನೆ. ಸುಮ್ನೆ ತೋರಿಕೆಗೆ ಕೊಡುವ ಕೆಲಸ ಅಲ್ಲ, ಮಾಡದಿದ್ದರೆ ಆ ದಿನ ನಿಂತುಹೋಗುವಂಥ ಕೆಲಸ. ಒಂದು ಮಗುವಿಗೆ ಮೊಟ್ಟೆ ತರುವುದು, ಇನ್ನೊಂದಕ್ಕೆ ಕೋಳಿಗಳ ನೀರು. ಸೆಖೆ ಜೋರಾದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಾಗೆ ಕಂಡರೆ ಓಡಿ ಬಂದು ನನಗೆ ಹೇಳು ಅಂದರೆ ಸಾಕು, ಆ ಮಗು ಮಧ್ಯಾಹ್ನವೆಲ್ಲ ಗೂಡಿನ ಹತ್ತಿರವೇ ಇರುತ್ತದೆ.

ಕಾಳಿನ ಡ್ರಮ್ಮಿಗೆ ಚಿಲಕ ಹಾಕಿಸಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಆಡು, ಕರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಯಾರೂ ತಿನ್ನುವ ಹಾಗಿಲ್ಲ ಅಂತ ಗಟ್ಟಿಯಾಗಿ ಹೇಳಿ. ಹಸಿ ಹಾಲನ್ನು ನೆಂಟರ ಮಕ್ಕಳಿಗೆ ಕೊಡಬೇಡಿ, ಕಾಯಿಸಿಯೇ ಕೊಡಿ. ಅವರ ಮೈಗೆ ನಮ್ಮ ಹಟ್ಟಿ ಹೊಸದು.

ಜಪಸರ ಮಾತ್ರ ಬಿಡಬೇಡಿ. "ನಾವು ಈ ಹೊತ್ತಿಗೆ ಪ್ರಾರ್ಥನೆಗೆ ಕೂರುತ್ತೇವೆ, ನೀವು ಕೂತರೂ ಸಂತೋಷ, ಹೊರಗೆ ಗಾಳಿಗೆ ಕೂತರೂ ಸಂತೋಷ" ಅಂತ ಹೇಳಿಬಿಡಿ. ಯಾರೂ ಬೇಸರ ಮಾಡಿಕೊಂಡಿಲ್ಲ. ಬೈಬಲಿನಲ್ಲಿ ಯೇಸು ಮನೆಗೆ ಬಂದಾಗ ತಂಗಿ ಮರಿಯ ಕೂತು ಅವರ ಮಾತು ಕೇಳುತ್ತಾಳೆ, ಮಾರ್ತಾ ಒಬ್ಬಳೇ ಕೆಲಸದಲ್ಲಿ ಓಡಾಡಿ ದೂರುತ್ತಾಳೆ, ಯೇಸು ಅವಳಿಗೇ ಬುದ್ಧಿ ಹೇಳುತ್ತಾರೆ. ಆ ಕತೆ ಕೇಳಿದಾಗಲೆಲ್ಲ ನನ್ನನ್ನೇ ಬೈದ ಹಾಗೆ ಆಗುತ್ತಿತ್ತು. 2021ರಿಂದ ನಮ್ಮ ಸಭೆಯಲ್ಲಿ ಜುಲೈ 29ರಂದು ಮಾರ್ತಾಳ ಜೊತೆ ಅವಳ ಒಡಹುಟ್ಟಿದ ಮರಿಯ, ಲಾಜರರನ್ನೂ ಸೇರಿಸಿ ಮೂವರ ಸ್ಮರಣೆ ಮಾಡುತ್ತಾರೆ. ಯೇಸುವನ್ನು ಬರಮಾಡಿಕೊಂಡದ್ದು ಇಡೀ ಮನೆ, ಅವಳೊಬ್ಬಳೇ ಅಲ್ಲ. ಅದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಹುಲ್ಲುಬಣವೆ:

ಭಾನುವಾರದ ಬಗ್ಗೆ ಹೇಳುತ್ತೇನೆ. ಹಾಲು ಕರೆಯುವುದು, ಮೇವು, ನೀರು, ಇವಕ್ಕೆ ಯೋಚನೆಯೇ ಬೇಡ, ದನಕ್ಕೆ ಭಾನುವಾರ ಗೊತ್ತಿಲ್ಲ. ಹುಲ್ಲಿನ ವಿಷಯ ಬೇರೆ. ಬಲಿಪೂಜೆ ತಪ್ಪಿಸಬಾರದು, ಅದಾದ ಮೇಲೆ ನಿಜವಾದ ಅಗತ್ಯ ಇದ್ದರೆ ಮಾತ್ರ ಕೆಲಸ. ಕುಟುಂಬದ ಅಗತ್ಯ ಇದ್ದರೆ ಭಾನುವಾರದ ವಿಶ್ರಾಂತಿಯ ನಿಯಮಕ್ಕೆ ವಿನಾಯಿತಿ ಇದೆ ಅಂತ ನಮ್ಮ ಸಭೆಯ ಬೋಧನೆಗಳ ಪುಸ್ತಕವಾದ ಕಥೋಲಿಕ ಧರ್ಮೋಪದೇಶದ 2185ನೇ ಕಂಡಿಕೆಯಲ್ಲೇ ಇದೆ, ಆದರೆ ಅದನ್ನೇ ರೂಢಿ ಮಾಡಿಕೊಳ್ಳಬೇಡಿ ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಅನುಮಾನ ಇದ್ದರೆ ನಿಮ್ಮ ಫಾದರ್ ಹತ್ತಿರ ಕೇಳಿ. ತಕ್ಕ ಕಾರಣ ಇದ್ದರೆ ವಿನಾಯಿತಿ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೇ ಇದೆ.

ಒಮ್ಮೆ ಕೊಯ್ದ ಹುಲ್ಲು ಮೂರು ದಿನ ಒಣಗಿತ್ತು, ಭಾನುವಾರ ಬೆಳಿಗ್ಗೆ ಮೋಡ ಕಟ್ಟಿತು. ಫಾದರ್‌ಗೆ ಫೋನ್ ಮಾಡಿದೆ, ಪೂಜೆ ಮುಗಿಸಿಕೊಂಡು ಹೋಗಿ ಒಳಗೆ ಹಾಕಿ ಅಂದರು. ಅವತ್ತು ಮನೆಯಲ್ಲಿದ್ದ ಆರು ಜನ ನೆಂಟರೂ ಹೊಲಕ್ಕೆ ಬಂದರು. ಅವರಿಗೆ ಮೊದಲು ಹೇಳಿಕೊಟ್ಟದ್ದು ಒಂದೇ, ಒಂದು ಹಿಡಿ ಹುಲ್ಲು ತಿರುಚಿ ನೋಡುವುದು. ಕಡ್ಡಿ ಪಟಪಟ ಮುರಿದರೆ ಒಳಗೆ, ಬಾಗಿದರೆ ಹೊರಗೇ ಇರಲಿ. ತೇವ ಶೇ. 20ಕ್ಕಿಂತ ಜಾಸ್ತಿ ಇದ್ದು ಒತ್ತಿ ಕಟ್ಟಿದರೆ ಹುಲ್ಲು ಒಳಗೊಳಗೇ ಕಾಯುತ್ತದೆ, ಬೂಸ್ಟು ಹಿಡಿಯುತ್ತದೆ, ಎಷ್ಟೋ ದಿನ ಆದ ಮೇಲೆ ಬೆಂಕಿಯೂ ಹತ್ತಬಹುದು. ಅವಸರದಲ್ಲಿ ಹಸಿ ತುಂಬಿದರೆ ಬಣವೆಯೇ ಹೋಗುತ್ತದೆ. ಆ ನೆಂಟರು ಈಗಲೂ ಸಿಕ್ಕಿದಾಗೆಲ್ಲ ಆ ದಿನದ ಮಾತೇ ಎತ್ತುತ್ತಾರೆ.

ದಾರಿಹೊರೆ:

ಮೇಲಿನ ಮಾತೆಲ್ಲ ಸರಿ, ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರನ್ನೂ ಎಲ್ಲ ದಿನವೂ ಸೇರಿಸಿಕೊಳ್ಳುವುದೇ ಪ್ರೀತಿ ಅಂದುಕೊಳ್ಳಬೇಡಿ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಬರೆದ ನಿಯಮದ 53ನೇ ಅಧ್ಯಾಯ ಅತಿಥಿಗಳ ಬಗ್ಗೆಯೇ ಇದೆ. ಬಂದವರನ್ನು ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಿ ಅನ್ನುತ್ತಾರೆ. ಅದೇ ಅಧ್ಯಾಯದಲ್ಲಿ ಅತಿಥಿಗಳಿಗೆ ಬೇರೆ ಅಡುಗೆಮನೆ ಇರಲಿ ಅಂತಲೂ ಹೇಳುತ್ತಾರೆ, ಯಾಕೆಂದರೆ ಅವರು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾರೆ, ಮಠದವರಿಗೆ ತೊಂದರೆ ಆಗಬಾರದು. ಅಲ್ಲಿ ಕೆಲಸ ಮಾಡುವವರಿಗೆ ಬೇಕಾದಾಗ ಸಹಾಯಕರನ್ನೂ ಕೊಡಬೇಕು, ಗೊಣಗದೆ ಸೇವೆ ಮಾಡಲಿ ಅಂತ. ಮಠದವರಿಗೇ ಇಷ್ಟು ಏರ್ಪಾಡು ಬೇಕಾಗಿದ್ದರೆ, ಐದೇ ಜನ ಇರುವ ಮನೆಗೆ ಬೇಡವೇ?

ನಾವು ರಜೆಗೆ ಒಂದು ತಿಂಗಳ ಮುಂಚೆ ಕ್ಯಾಲೆಂಡರ್ ಮುಂದೆ ಕೂರುತ್ತೇವೆ. ಹುಲ್ಲಿನ ವಾರ ಕೈ ಜೋಡಿಸುವವರು ಮಾತ್ರ ಬರಬಹುದು. ಆಡು ಮರಿ ಹಾಕುವ ವಾರ ಯಾರೂ ಬೇಡ, ಗರ್ಭಿಣಿಯರಂತೂ ಆ ಹೊತ್ತಿನಲ್ಲಿ ಹಟ್ಟಿಯ ಹತ್ತಿರ ಬರಲೇಬಾರದು, ಸೋಂಕು ತಗಲಿದರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ಮತ್ತೆ ಒಂದು ವಾರ ನಮಗೆ ಮಾತ್ರ. ಇದನ್ನು ಹೇಳುವಾಗ ಮೊದಲು ನನಗೆ ಬಾಯಿ ಬರುತ್ತಿರಲಿಲ್ಲ. ಈಗ ಫೋನಿನಲ್ಲೇ ನೇರ ಹೇಳುತ್ತೇನೆ.

ಹಟ್ಟಿಬಾಗಿಲು:

ಮೂವರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಚಿಲಕ ಇವತ್ತೇ ಹಾಕಿಸಿದೆ. ಯಜಮಾನರ ಹತ್ತಿರ ಕ್ಯಾಲೆಂಡರ್ ಮಾತೂ ಆಡಿದೆ, ಒಪ್ಪಿದರು.

ನಿನ್ನೆ ರಾತ್ರಿ ಆ ಹುಡುಗನಿಗೆ ಫೋನ್ ಮಾಡಿ ಕೂಗಿದ್ದಕ್ಕೆ ಸಾರಿ ಕೇಳಿದೆ. ಅವನು ಅದಕ್ಕೆ ಏನೂ ಹೇಳಲಿಲ್ಲ. "ಆಡು ಈಗ ಮೆಲುಕು ಹಾಕ್ತಾ ಇದೆಯಾ?" ಅಂತ ಕೇಳಿದ. ಹೌದು ಅಂದೆ. ಫೋನ್ ಹಿಡಿದುಕೊಂಡೇ ಹಟ್ಟಿಗೆ ಹೋಗಿ ಆ ಸದ್ದು ಕೇಳಿಸಿದೆ. ಮುಂದಿನ ರಜೆಗೆ ಬಂದಾಗ ಕೋಳಿ ಕಾಳು ಅಳೆಯುವ ಲೋಟ ಅವನ ಕೈಗೇ ಕೊಡುತ್ತೇನೆ ಅಂತ ಹೇಳಿದ್ದೇನೆ.